ನಾನು ಇಟ್ಟ ಹೆಸರು

ಅವನು ತೀರಿಕೊಂಡ ಸುದ್ದಿ ನನಗೆ ಬಂದದ್ದು ಫೋನಿನಲ್ಲಿ. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವನ ಫೋಟೊ ಹಾಕಿ, ಕೆಳಗೆ ಹೀಗೆ ಬರೆದಿದ್ದರು: 'ನಮ್ಮೂರಿನ ಹಿರಿಯರಾದ ಗಟಾರ ಸಾಹೇಬರು ಇಂದು ಮುಂಜಾನೆ ನಮ್ಮನ್ನಗಲಿದ್ದಾರೆ.' ಅದರ ಬೆನ್ನಿಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಹೀಗೆ ಬರೆಯಬಾರದು ಎಂದು ಒಬ್ಬರೂ ಹೇಳಲಿಲ್ಲ. ಬರೆದವರಿಗೆ ಅವಮಾನ ಮಾಡುವ ಮನಸ್ಸೂ ಇರಲಿಲ್ಲ. ಈಗಿನವರಿಗೆ ಅವನ ಹೆಸರು ಅದೇ. ಬೇರೆ ಹೆಸರು ಇತ್ತೆಂಬುದೂ ಅವರಿಗೆ ಗೊತ್ತಿಲ್ಲ.

ಆ ಹೆಸರು ಇಟ್ಟವನು ನಾನು.

ಅವನ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರ ಬಾಯಿಂದ ಒಬ್ಬನ ಹೆಸರನ್ನು ಕಿತ್ತುಕೊಂಡವನು, ಅವನು ಸತ್ತ ಮೇಲೆ ಅದನ್ನು ಕಾಗದದ ಮೇಲೆ ಬರೆದು ಮರ್ಯಾದೆ ಕೊಟ್ಟಂತೆ ಮಾಡುವುದು ನನಗೇ ಸರಿ ಕಾಣುವುದಿಲ್ಲ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಸೊಸೈಟಿಯ ಸಭೆಯ ಠರಾವುಗಳನ್ನು ಬಿಟ್ಟರೆ ಹೆಚ್ಚಿಗೆ ಏನನ್ನೂ ಬರೆದವನಲ್ಲ. ಆದರೆ ಇದನ್ನು ಬರೆಯದಿದ್ದರೆ ನಾನು ಸತ್ತಾಗ ಊರವರು ನನ್ನನ್ನು ಒಳ್ಳೆಯವನೆಂದು ಬರೆಯುತ್ತಾರೆ. ಅದು ಇನ್ನೂ ಕೆಟ್ಟದ್ದು.

ನಮ್ಮೂರು ಕಾಗವಾಡ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ಉಗಾರ ಬುದ್ರುಕಕ್ಕೆ ಸೈಕಲ್ ಮೇಲೆ ಹೋಗಿ ಊಟದ ಹೊತ್ತಿಗೆ ತಿರುಗಿ ಬರಬಹುದು. ಈಗ ಎತ್ತ ನೋಡಿದರೂ ಕಬ್ಬು. ನಾವು ಸಣ್ಣವರಿದ್ದಾಗ ಹೊಳೆ ಕೆಳಗಿತ್ತು, ಹೊಲ ಮೇಲಿತ್ತು, ನಡುವೆ ನಮ್ಮ ಹೆಗಲು ಇತ್ತು. ಮೆಣಸಿನ ಅಗಿ ನೆಟ್ಟ ವಾರದಲ್ಲಿ ಶಾಲೆ ಬಿಟ್ಟು ನೀರು ಹೊರುವುದೇ ಕೆಲಸ. ನಾನೂ ಅವನೂ ಒಂದೇ ತರಗತಿ, ಒಂದೇ ದಾರಿ. ಒಮ್ಮೆ ಅವನು ಎಡವಿ ಕೊಡ ಚೆಲ್ಲಿದ. ಅವನ ಅವ್ವ ಓಡಿ ಬಂದು ಕಪಾಳಕ್ಕೆ ಹೊಡೆದಳು. ಹೊಡೆದು, ಒದ್ದೆಯಾದ ಮಣ್ಣನ್ನು ಎರಡೂ ಕೈಯಿಂದ ಬಳಿದು ಹತ್ತಿರದ ಅಗಿಯ ಬುಡಕ್ಕೆ ಹಾಕಿದಳು. ಚೆಲ್ಲಿದ ನೀರನ್ನು ಮಣ್ಣಿನ ಸಮೇತ ಎತ್ತಿಡುವ ಹೆಂಗಸನ್ನು ನಾನು ಅದೊಂದೇ ಸಲ ಕಂಡದ್ದು.

ಮುಂದೆ ಹೊಳೆಗೆ ಪಂಪು ಕೂತವು. ನೀರು ತಾನೇ ಮೇಲೇರಿ ಬಂತು. ಅಷ್ಟು ವರ್ಷ ಬಾಯಾರಿದ್ದ ಮಂದಿ ಹಗಲೂ ರಾತ್ರಿ ನೀರು ಬಿಟ್ಟರು. ನೀರು ನಿಲ್ಲಿಸುವುದು ಎಂದರೆ ಕೈಗೆ ಬಂದ ಭಾಗ್ಯವನ್ನು ನೂಕಿದಂತೆ ಅನಿಸುತ್ತಿತ್ತು. ಆ ಹೊತ್ತಿಗೆ ಅವನು ಊರಲ್ಲಿರಲಿಲ್ಲ.

ಹೆಂಡತಿಯನ್ನೂ ಎಳೆಯ ಮಗಳನ್ನೂ ಊರಲ್ಲಿ ಬಿಟ್ಟು ಅವನು ಇರಾಕಿಗೆ ಹೋಗಿದ್ದ. ಮಿರಜದಲ್ಲಿ ಒಬ್ಬ ಏಜೆಂಟನಿದ್ದ. ನೆಲ ತೋಡಿ ಪೈಪು ಹಾಕುವ ಕೆಲಸಕ್ಕೆ ಗಟ್ಟಿಮುಟ್ಟಾದ ಆಳು ಬೇಕೆಂದ. ಇಬ್ಬರೂ ಹೆಸರು ಕೊಟ್ಟೆವು. ಇಬ್ಬರದೂ ಪಾಸ್‌ಪೋರ್ಟ್ ಬಂತು. ಟ್ರಂಕು ಹಿಡಿದು ಇಬ್ಬರೂ ಶೇಡಬಾಳ ಸ್ಟೇಷನ್ನಿಗೆ ಹೋದೆವು. ಗಾಡಿ ಬಂತು. ಅವನು ಹತ್ತಿದ. ನಾನು ಹತ್ತಲಿಲ್ಲ.

"ಏನಾತೋ? ಬಾರಲೇ!"

"ನೀ ನಡಿ. ಮನ್ಯಾಗ ಕಾಗದ ಬಿಟ್ಟ ಬಂದೀನಿ. ಮುಂದಿನ ಗಾಡಿಗೆ ಬರ್ತೀನಿ."

ಮನೆಯಲ್ಲಿ ಕಾಗದ ಬಿಟ್ಟಿರಲಿಲ್ಲ. ಹೆದರಿಕೆಯಾಗಿತ್ತು. ಊರಿಗೆ ತಿರುಗಿ ಬಂದು, ಅಪ್ಪನಿಗೆ ಮೈಯಲ್ಲಿ ನೆಟ್ಟಗಿಲ್ಲ, ಬಿಟ್ಟು ಹೋಗಲು ಮನಸ್ಸಾಗಲಿಲ್ಲ ಎಂದು ಹೇಳಿದೆ. ಊರು ನನ್ನನ್ನು ಮೆಚ್ಚಿತು. ಅವನು ಮುಂಬೈಯಲ್ಲಿ ನನಗಾಗಿ ಎರಡು ದಿನ ಕಾದು, ತನ್ನ ಪಾಳಿಯನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದನಂತೆ. ನನಗೆ ಬರೆದ ಒಂದು ಕಾಗದದಲ್ಲಿ ಬಿಟ್ಟರೆ ಇದನ್ನು ಅವನು ಊರಲ್ಲಿ ಒಬ್ಬರ ಮುಂದೂ ಹೇಳಲಿಲ್ಲ. ಹೇಳಿದ್ದರೆ ನಾನು ಬಹುಶಃ ಇಷ್ಟು ಕೆಟ್ಟವನಾಗುತ್ತಿರಲಿಲ್ಲ. ಅವನು ಮುಚ್ಚಿಟ್ಟ ಕಾರಣಕ್ಕೇ ಅವನನ್ನು ಕಂಡಾಗಲೆಲ್ಲ ಅವನಲ್ಲಿ ಏನಾದರೊಂದು ಕುಂದು ಹುಡುಕುತ್ತಿದ್ದೆ.

ಇರಾಕು, ಆಮೇಲೆ ಅದರ ಸುತ್ತಿನ ಬೇರೆ ದೇಶಗಳು, ಹೀಗೆ ಹದಿನಾರು ವರ್ಷ ಕಳೆದು ಅವನು ಬಂದ. ಪರದೇಶದಿಂದ ಬಂದವನೆಂದು ನೋಡಲು ಹೋದವರಿಗೆ ನಿರಾಶೆ. ಟೇಪ್‌ರಿಕಾರ್ಡರಿಲ್ಲ, ಸೆಂಟಿಲ್ಲ. ಟ್ರಂಕಿನಲ್ಲಿ ಎರಡು ಜೊತೆ ದಪ್ಪ ಬೂಟು, ನೀರು ತುಂಬಿ ನೆಲದ ಮಟ್ಟ ನೋಡುವ, ಬಳುಕುವ ಒಂದು ಉದ್ದನೆಯ ಪಾರದರ್ಶಕ ನಳಿಗೆ. ಹಾಲಿಲ್ಲದ ಚಹಾ ಕುಡಿಯುವುದನ್ನು ಕಲಿತು ಬಂದಿದ್ದ. "ಹಿತ್ತಲದಾಗ ಎರಡು ಎಮ್ಮಿ ಕಟ್ಟಿ ಕರಿ ನೀರ ಕುಡೀತಾರ," ಎಂದು ಹೆಂಡತಿ ಬೈಯುತ್ತಿದ್ದಳು. ಯಾರಾದರೂ ಏನಾದರೂ ಕೊಟ್ಟರೆ, ಇಲ್ಲ ಎಂದರೆ ಕೂಡ, ಬಲಗೈಯನ್ನು ಎದೆಯ ಮೇಲಿಟ್ಟು ತುಸು ಬಾಗುತ್ತಿದ್ದ. ಅದೂ ಅಲ್ಲಿಯದೇ ರೂಢಿ. ಊರವರು ಅದನ್ನು ಅಣಕಿಸಿ ನಗುತ್ತಿದ್ದರು. ಇನ್ನೊಂದು: 'ನಮ್ಮಲ್ಲೆ' ಎಂದು ಮಾತು ತೆಗೆದನೆಂದರೆ ಯಾವ ದೇಶದ ಮಾತು ಎಂದು ತಿಳಿಯುತ್ತಿರಲಿಲ್ಲ.

"ನಮ್ಮಲ್ಲೆ ಎರಡು ದೊಡ್ಡ ಹೊಳಿ ಅದಾವು," ಎನ್ನುತ್ತಿದ್ದ.

"ಎಲ್ಲಿ ಅದಾವೋ? ಇರೂದು ಕೃಷ್ಣಿ ಒಂದ," ಎಂದರೆ, "ಇರಾಕದಾಗಪ್ಪಾ," ಎಂದು ನಗುತ್ತಿದ್ದ.

ಬಂದ ವಾರದಲ್ಲೇ ಅವನು ಹೊಲಗಳನ್ನೆಲ್ಲ ಸುತ್ತಿದ. ಕೂತು ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಉಗುಳುತ್ತಿದ್ದ. ನನ್ನ ಹೊಲದ ಮಣ್ಣು ನೆಕ್ಕಿ ಹೇಳಿದ: "ನಿಮ್ಮ ಮನಿ ಪಲ್ಲೇಕ ಇನ್ನ ಉಪ್ಪ ತರಬ್ಯಾಡ. ಇಲ್ಲಿಂದ ಒಯ್ಯಿ." ನಾನು ನಕ್ಕೆ. ಬದುವಿನ ಮಗ್ಗುಲಲ್ಲಿ ಅಂಗೈಯಗಲ ಬೆಳ್ಳಗೆ ಎದ್ದಿದ್ದನ್ನು ನಾನೂ ಕಂಡಿದ್ದೆ. ಸವಳು. ಅತಿಯಾಗಿ ನೀರುಂಡ ನೆಲ ಒಳಗಿನ ಉಪ್ಪನ್ನು ಮೇಲಕ್ಕೆ ತಂದು ಹಾಕುತ್ತದೆ. ಅದು ಹಬ್ಬಿದಲ್ಲಿ ಕಬ್ಬು ಹಳದಿಯಾಗಿ, ಗೇಣುದ್ದಕ್ಕೇ ನಿಂತು ಒಣಗುತ್ತದೆ.

ಅವನು ಇರಾಕಿನಲ್ಲಿ ಮಾಡಿದ್ದು ಇದೇ ಕೆಲಸ. ಸವಳಾದ ನೆಲದಲ್ಲಿ ಆಳುದ್ದ ತೋಡಿ, ತೂತಿರುವ ಪೈಪು ಹೂತು, ನೆಲದೊಳಗೆ ನಿಂತ ನೀರನ್ನು ಹೊರಗೆ ಹರಿಸುವುದು. ನೀರಿನ ಜೊತೆ ಉಪ್ಪೂ ಹೋಗುತ್ತದೆ. ಅಲ್ಲಿಯ ಒಬ್ಬ ಮುದುಕ ರೈತನ ಸಂಗತಿಯನ್ನು ಅವನು ಒಂದೇ ಸಲ ನನ್ನ ಮುಂದೆ ಹೇಳಿದ. ಮುದುಕನ ಖರ್ಜೂರದ ತೋಟ ಪೂರಾ ಸತ್ತಿತ್ತಂತೆ. ಪೈಪು ಹಾಕಲು ಹೋದ ಇವನನ್ನು ಕೂರಿಸಿ ಚಹಾ ಕೊಟ್ಟನಂತೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಮುದುಕ ಬೆಳ್ಳನೆಯ ಮಣ್ಣನ್ನು ಇವನ ಅಂಗೈಯಲ್ಲಿ ಸುರಿದು, ಮುಷ್ಟಿ ಮುಚ್ಚಿಸಿ, ಆ ಮುಷ್ಟಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದನಂತೆ.

"ಆವತ್ತ ನನಗ ನಮ್ಮವ್ವನ ನೆನಪಾತು ನೋಡು," ಅಂದ. "ಮೆಣಸಿನ ಅಗಿಗೆ ಹಸಿ ಮಣ್ಣ ಬಳದ ಹಾಕಿದ್ಲಲಾ. ನಮ್ಮ ಮಂದಿ ಹೊಳಿ ನೀರ ಎತ್ತಾಕತ್ತಾರ ಅಂತ ನೀ ಕಾಗದ ಬರದಿದ್ದಿ. ಓದಿ ಖುಷಿ ಆತು, ಹಿಂದಿಂದ ಅಂಜಿಕಿನೂ ಆತು. ಇವರಿಗೆ ನೀರ ತರೂದು ಗೊತ್ತೈತಿ. ಹೊರಗ ಕಳಸೂದು ಗೊತ್ತಿಲ್ಲ. ಇನ್ನ ನನ್ನ ಕೆಲಸ ಅದ ಅಂದೆ."

ಹೊಡೆತ ತಿಂದು ನೀರು ಹೊತ್ತದ್ದೂ ಆ ಮುದುಕನ ಮಣ್ಣೂ ಸೇರಿ ಅವನಿಗೆ ಬದುಕಿನ ಕೆಲಸ ಯಾವುದೆಂದು ಹೇಳಿಬಿಟ್ಟಿದ್ದವು. ನಾನೂ ಅದೇ ನೀರು ಹೊತ್ತವನು. ನನಗೆ ಯಾರೂ ಏನೂ ಹೇಳಲಿಲ್ಲ.

ಊರ ಕೆಳಗಿನ ಹಳ್ಳಕ್ಕೆ ಇಡೀ ಪಟ್ಟಿಯ ನೀರು ಬೀಳಬೇಕು. ಮೇಲಿನಿಂದ ನಲವತ್ತು ಮಂದಿಯ ಹೊಲ, ಆಮೇಲೆ ಅವನ ಹೊಲ, ಎಲ್ಲಕ್ಕಿಂತ ಕೆಳಗೆ ನನ್ನದು. ನನ್ನ ಹೊಲ ದಾಟದೆ ನೀರು ಹಳ್ಳ ಸೇರದು. ಎಲ್ಲರೂ ಕೂಡಿ ಪೈಪು ಹಾಕುವ ಮಾತಿಗೆ ಚಾವಡಿಯಲ್ಲಿ ಸಭೆ ಕರೆಯುವುದೆಂದಾಯಿತು. ಸಭೆಯ ಮುನ್ನಾದಿನ ಮಧ್ಯಾಹ್ನ ಅವನು ನನ್ನ ಹೊಲಕ್ಕೆ ಬಂದು ಬದುವಿನ ಮೇಲೆ ಕೂತ.

"ದೋಸ್ತ, ನಾಳೆ ನೀ ಹೇಳಬೇಕ. ನನಗ ಮಂದ್ಯಾಗ ಮಾತ ಬರೂದಿಲ್ಲ. ಹದಿನಾರ ವರ್ಷ ಡ್ರೇನು, ಔಟ್‌ಲೆಟ್ ಅಂತ ಅಂದ ಅಂದ ನಾಲಿಗಿ ಕೆಟ್ಟೈತಿ. ಹಿಂಗ ಹೇಳು: ಅನ್ನ ಕುದ್ದ ಮ್ಯಾಲ ಗಂಜಿ ಬಸೀತೀವಿಲ್ಲೊ, ಹಂಗ ನೆಲಾನೂ ಬಸೀಬೇಕು. ಬಸೀಲಿಲ್ಲಂದ್ರ ಮುದ್ದಿ ಆಕ್ಕೈತಿ. ಅಷ್ಟ ಸಾಕು. ಹೆಣ್ಮಕ್ಕಳಿಗೂ ತಿಳೀತೈತಿ."

"ಆತು ಬಿಡೋ, ಹೇಳ್ತೀನಿ," ಅಂದೆ. ಹೇಳಬೇಕೆಂದೇ ಇದ್ದೆ. ಅದು ಸುಳ್ಳಲ್ಲ.

ಮರುದಿನ ಚಾವಡಿ ತುಂಬಿತ್ತು. ಅವನು ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಹೊಲಗಳನ್ನು ಬರೆದು ತೋರಿಸಿದ. ಮಾತಿಗೊಮ್ಮೆ ಡ್ರೇನು, ಡ್ರೇನು ಎನ್ನುತ್ತಿದ್ದ. ಆದರೂ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಪಟಕ ಸುತ್ತಿದ ಹಿರಿಯರು ಕುತ್ತಿಗೆ ಮುಂದೆ ಮಾಡಿ ಕೇಳುತ್ತಿದ್ದರು. ಊರಲ್ಲಿ ಉಳಿದು, ಸೊಸೈಟಿ ನಡೆಸಿ, ಎಲ್ಲರ ಅರ್ಜಿ ಬರೆದುಕೊಟ್ಟವನು ನಾನು. ನನ್ನ ಮಾತನ್ನು ಅವರು ಯಾವತ್ತೂ ಹಾಗೆ ಕುತ್ತಿಗೆ ಚಾಚಿ ಕೇಳಿರಲಿಲ್ಲ. ಅಷ್ಟರಲ್ಲಿ ಒಬ್ಬ ಹಿರಿಯರು ನನ್ನ ಕಡೆ ತಿರುಗಿದರು.

"ತಮ್ಮಾ, ನೀ ಓದಿದಾಂವ. ಈ ಡ್ರೇನು ಅಂದ್ರ ಕನ್ನಡದಾಗ ಏನೋ?"

ಅವನು ನನ್ನನ್ನು ನೋಡಿ, ಈಗ ಆ ಮಾತು ಬಂತು ಎನ್ನುವಂತೆ ನಕ್ಕ.

"ಗಟಾರ್ರಿ, ಕಾಕಾ," ಅಂದೆ.

ಮಂದಿ ಚಾವಡಿಯ ಹೆಂಚು ಹಾರುವಂತೆ ನಕ್ಕರು. ಆ ನಗೆಯ ರುಚಿ ಹತ್ತಿತು ನನಗೆ. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಸಮುದ್ರ ದಾಟಿ ಹೋಗಿ ಗಟಾರ ತೋಡೂದು ಕಲ್ತ ಬಂದಾನ್ರಿ. ಇನ್ನ ನಮ್ಮ ಹೊಲದಾಗ ತೋಡ್ತಾನಂತ. ಸಾದಾ ಮನಶ್ಯಾ ಅಲ್ರಿ ಇಂವ, ಗಟಾರ ಸಾಹೇಬ!"

"ಏ, ಯಾರ ಮನಿ ಗಟಾರ ಹರಸ್ತಿಯೋ ಸಾಹೇಬಾ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಕೇಳಿದ ಹಿರಿಯರು ಮಾತ್ರ ನಗಲಿಲ್ಲ. ಅವರ ಮುಖ ಗಂಟಾಗಿತ್ತು.

"ಸೀಗಿ ಹುಣ್ಣಿವಿಗೆ ಭೂಮಿತಾಯಿಗೆ ಉಡಿ ತುಂಬಿ ಚರಗ ಚೆಲ್ಲೂ ಹೊಲಾ ಇದು. ಇದರ ಹೊಟ್ಯಾಗ ಗಟಾರ? ನಮ್ಮ ಜೀವ ಇರೂತನಾ ಸಾಧ್ಯ ಇಲ್ಲ," ಎಂದು ಎದ್ದರು. ಅವರ ಹಿಂದೆ ಉಳಿದವರೂ ಎದ್ದರು.

ಅವನು ತೋರಿಸಲೆಂದು ತಂದಿದ್ದ ಮಟ್ಟದ ನಳಿಗೆಯನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತು ಎಲ್ಲರಿಗೂ ಎದೆಯ ಮೇಲೆ ಕೈಯಿಟ್ಟು ಬಾಗಿದ. ಅದಕ್ಕೂ ನಕ್ಕರು.

ನಾನು ಹೇಳಿದ್ದು ತಪ್ಪು ಅರ್ಥವೇನಲ್ಲ. ಡಿಕ್ಷನರಿ ನೋಡಿದರೂ ಹಾಗೆಯೇ ಇದೆ. ಈ ಸಮಾಧಾನವನ್ನು ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಆದರೆ ಸರಿಯಾದ ಮಾತನ್ನು ಅವನು ಮುನ್ನಾದಿನವೇ ನನ್ನ ಬಾಯಿಗೆ ಹಾಕಿದ್ದ. ಬಸಿ ಎನ್ನುವ ಎರಡಕ್ಷರ ಮಾತು, ನಮ್ಮ ಎಲ್ಲರ ಮನೆಯ ಒಲೆಯ ಮುಂದೆ ದಿನಾ ಬಳಸುವ ಮಾತು. ಅದನ್ನು ಬೇಕೆಂದೇ ನುಂಗಿದೆ.

ಮೂರು ದಿನ ಬಿಟ್ಟು ಅವನು ಎಂದಿನಂತೆ ಮನೆಗೆ ಬಂದ. ಜಗಳಕ್ಕೆ ಬಂದನೆಂದು ನಾನು ಸಜ್ಜಾಗಿದ್ದೆ. ಅವನು ಚಹಾ ಕುಡಿದು, "ನೀ ಹೇಳಿದ್ದ ತಪ್ಪಲ್ಲ ಬಿಡು. ಹಂಗೂ ಅಂತಾರ," ಎಂದು ಎದ್ದು ಹೋದ. ಅಷ್ಟೇ. ನನಗೆ ಅವನ ಮೇಲೆ ಇಂದಿಗೂ ಸಿಟ್ಟಿದ್ದರೆ ಇದಕ್ಕೇ. ಯಾಕೆ ಬೈಯಲಿಲ್ಲ? ಯಾಕೆ ನನ್ನ ಅಂಗಿ ಹಿಡಿದು ಚಾವಡಿಗೆ ಎಳೆದೊಯ್ದು, ಇವನು ಶೇಡಬಾಳ ಸ್ಟೇಷನ್ನಿನಿಂದ ಓಡಿ ಬಂದ ಅಂಜುಬುರುಕ ಎಂದು ಕೂಗಲಿಲ್ಲ? ಕೂಗಿದ್ದರೆ ಒಂದೇ ದಿನದಲ್ಲಿ ಎಲ್ಲ ಮುಗಿಯುತ್ತಿತ್ತು. ಒಳ್ಳೆಯವರ ಈ ಸುಮ್ಮನಿರುವಿಕೆ ಎದುರಿನವನನ್ನು ಎಷ್ಟು ಕೆಡಿಸುತ್ತದೆ ಎಂದು ಅವರಿಗೆ ಗೊತ್ತಾಗುವುದಿಲ್ಲ.

ಹೆಸರು ಅವನಿಗಿಂತ ಮುಂದೆ ನಡೆಯಿತು. ಅವನ ಮಗಳನ್ನು ನೋಡಲು ರಾಯಬಾಗ ಕಡೆಯವರು ಬಂದಿದ್ದರು. ಓಣಿಯಲ್ಲಿ ಮನೆ ಕೇಳಿದಾಗ ಯಾರೋ, "ಗಟಾರ ಸಾಹೇಬರ ಮನಿಯೇನ್ರಿ?" ಎಂದು ತೋರಿಸಿದ್ದಾರೆ. ಅವಲಕ್ಕಿ ಮುಂದಿಟ್ಟುಕೊಂಡು ವರನ ಅಪ್ಪ ಕೇಳಿದ: "ಬೀಗರು ಪರದೇಶದಾಗ ಗಟಾರ ಬಳಿಯೂ ಕೆಲಸದಾಗ ಇದ್ರಿ ಏನ್ರಿ?" ಹಿರಿಯನೆಂದು ನಾನೂ ಪಕ್ಕದಲ್ಲಿ ಕೂತಿದ್ದೆ. ಒಂದು ಮಾತಿನಲ್ಲಿ ತಿಳಿಸಿ ಹೇಳಬಹುದಿತ್ತು. ಅವಲಕ್ಕಿಯೊಳಗಿನ ಶೇಂಗಾ ಆರಿಸಿ ತಿನ್ನುತ್ತ ಕೂತೆ. ಅವನೇ ಹೇಳಿದ: "ನೆಲಾ ತೋಡೂ ಕೆಲಸ ಮಾಡೀನ್ರಿ. ಗಟಾರ ಬಳಿಯೂ ಕೆಲಸ ಬಂದಿದ್ರ ಅದನ್ನೂ ಮಾಡ್ತಿದ್ದೆ." ಅವರು ಅವಲಕ್ಕಿ ಬಿಟ್ಟು ಎದ್ದರು. ಮಗಳ ಮದುವೆ ಆಮೇಲೆ ಅಥಣಿಗೆ ಆಯಿತು, ಚೆನ್ನಾಗಿಯೇ ಆಯಿತು. ಆದರೆ ಆ ದಿನ ಅವನ ಹೆಂಡತಿ ತಟ್ಟೆ ಎತ್ತಲು ಬಂದವಳು ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು.

ಊರು ಬರದಿದ್ದರೆ ಬೇಡವೆಂದು ಅವನು ತನ್ನ ಮೂರೆಕರೆಗಷ್ಟೇ ಪೈಪು ಹೂತ. ಒಬ್ಬನೇ, ಎರಡು ಬೇಸಿಗೆ. ನನ್ನ ಹೊಲದಲ್ಲಿ ನಾನು ದಾರಿ ಕೊಡದ್ದರಿಂದ ಬದುವಿನ ಹತ್ತಿರ ಬಾವಿಯಂಥ ಕುಣಿ ತೋಡಿ, ಅಲ್ಲಿ ಬಸಿದು ಬಂದ ನೀರನ್ನು ಡೀಸೆಲ್ ಇಂಜಿನ್ ಹಚ್ಚಿ ಎತ್ತರದ ರಸ್ತೆಯ ಆಚೆಗೆ ಎಸೆಯುತ್ತಿದ್ದ. "ಒಂದ ಪಂಪಿನಿಂದ ನೀರ ತರ್ತಾನ, ಇನ್ನೊಂದ ಪಂಪಿನಿಂದ ಚೆಲ್ತಾನ. ಹುಚ್ಚ ಅಂದ್ರ ಇನ್ನ ಹೆಂಗಿರ್ತೈತಿ?" ಎಂದು ಊರು ನಕ್ಕಿತು. ಅವನೂ ನಗುತ್ತಿದ್ದ. "ಸಣ್ಣಾಂವಿದ್ದಾಗ ನೀರ ಚೆಲ್ಲಿದ್ದಕ್ಕ ನಮ್ಮವ್ವ ಹೊಡದ್ಲು. ಈಗ ಚೆಲ್ಲರ್ಯೋ ಅಂತ ಊರಮಂದಿ ಕಾಲ ಹಿಡ್ಯಾಕತ್ತೀನಿ." ಅವನ ಕಬ್ಬು ಕಪ್ಪಾಗಿ, ಆಳಿಗೆ ಮೀರಿ ನಿಂತಿತು. ಹೊಳೆಯ ಮಹಾಪೂರ ಬಂದು ಕುಣಿ ಹೂಳಾದ ವರ್ಷ ಮತ್ತೆ ತೋಡಿದ. ಕಬ್ಬನ್ನು ಎಲ್ಲರೂ ಕಂಡರು. ಆದರೆ ಅಷ್ಟು ಹೊತ್ತಿಗೆ ನಕ್ಕವರು ಬಹಳ ಮಂದಿಯಾಗಿದ್ದರು. ನಕ್ಕವರು ಅಷ್ಟು ಬೇಗ ಒಪ್ಪುವುದಿಲ್ಲ.

ಮೊದಲು ಸತ್ತದ್ದು ನನ್ನದೇ ಹೊಲ. ಎಲ್ಲರಿಗಿಂತ ಕೆಳಗಿದ್ದದ್ದಲ್ಲವೇ? ನಲವತ್ತು ಮಂದಿಯ ನೀರು ಒಳಗೊಳಗೇ ಇಳಿದು ನನ್ನ ನೆಲದಲ್ಲಿ ನಿಂತಿತು. ಚಳಿಗಾಲದ ಮುಂಜಾನೆ ನೋಡಿದರೆ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ. ಕಬ್ಬು ಹೋಯಿತು, ಗೋದಿ ಹೋಯಿತು, ಕಡೆಗೆ ಹುಲ್ಲೂ ಹೋಯಿತು. ಪೈಪು ಹಾಕಿದರೆ ನನಗೇ ಮೊದಲ ಲಾಭ. ಆದರೂ ಒಪ್ಪಲಿಲ್ಲ. ಒಪ್ಪಿದರೆ ಚಾವಡಿಯ ಮಾತು ಸುಳ್ಳು ಎಂದು ಒಪ್ಪಿದಂತೆ. ನನ್ನ ಮಾತನ್ನು ಉಳಿಸಿಕೊಳ್ಳಲು ನನ್ನ ಹೊಲವನ್ನೇ ಕೊಟ್ಟೆ.

ಪ್ರತಿ ವರ್ಷ ಕಬ್ಬು ಕಡಿದ ಮೇಲೆ ಅವನು ಬದುವಿನ ಆಚೆ ನಿಂತು ಕೇಳುತ್ತಿದ್ದ: "ಈ ಸಲಾ ದಾರಿ ಕೊಡ್ತಿಯೇನೋ?"

"ನೋಡೂಣು," ಎನ್ನುತ್ತಿದ್ದೆ.

ಎದೆಯ ಮೇಲೆ ಕೈಯಿಟ್ಟು ಹೋಗುತ್ತಿದ್ದ. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೇ. ಈ ವರ್ಷ ನಡೆಯಲು ಆಗದೆ ಯಾರದೋ ಗಾಡಿಯ ಹಿಂದೆ ಕೂತು ಬಂದಿದ್ದ. ಇಳಿಯಲಿಲ್ಲ. ಅಲ್ಲಿಂದಲೇ ಕೇಳಿದ. ಈ ಸಲವಾದರೂ ಹೂಂ ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಅದೇ ಮಾತು. ಮೂರು ತಿಂಗಳಿಗೆ ಅವನು ಹೋದ.

ಮಣ್ಣಿಗೆ ಹೋದವರಲ್ಲಿ ನಾನೂ ಇದ್ದೆ. ಅದಾದ ವಾರದೊಳಗೆ ಯಂತ್ರ ಕರೆಸಿ, ಅವನ ಬದುವಿನಿಂದ ಹಳ್ಳದವರೆಗೆ ನನ್ನ ಹೊಲದ ನಟ್ಟನಡುವೆ ಕಾಲುವೆ ತೋಡಿಸಿದೆ. ಸೊಸೈಟಿಯ ಕಟ್ಟೆಯ ಮೇಲೆ ನಿಂತು, ಅಂದು ಹೇಳದ ಮಾತನ್ನು ಹೇಳಿದೆ. ಅನ್ನ ಬಸಿದಂತೆ ನೆಲ ಬಸಿಯಬೇಕು, ನನ್ನ ಹೊಲದಲ್ಲಿ ದಾರಿ ತೆರೆದಿದೆ, ಮೇಲಿನವರು ಬನ್ನಿ ಎಂದೆ. ಗಟಾರ ಎಂದದ್ದು ನಾನೇ, ಬೇಕೆಂದೇ ಹಾಗೆ ಕರೆದೆ ಎಂದೂ ಹೇಳಿದೆ. ಕೇಳಿದವರಲ್ಲಿ ಒಬ್ಬ, "ಅವರು ಇದ್ದಾಗ ಯಾಕ ಹೇಳಲಿಲ್ರಿ, ಕಾಕಾ?" ಎಂದ. ಈವರೆಗೆ ನಾಲ್ಕು ಮಂದಿ ಹೂಂ ಅಂದಿದ್ದಾರೆ. ಮೂವತ್ತಾರು ಮಂದಿಯ ಬಾಗಿಲಿಗೆ ಇನ್ನೂ ತಿರುಗುತ್ತಿದ್ದೇನೆ.

ಕಡೆಗೆ ಅವನ ಹೆಂಡತಿಯನ್ನು ಕೇಳುವುದು ಉಳಿದಿತ್ತು. ಅವನ ಪೈಪನ್ನು ನನ್ನ ಕಾಲುವೆಗೆ ಸೇರಿಸಬೇಕೆಂದರೆ ಅವಳು ಹೂಂ ಅನ್ನಬೇಕು. ಹೋದಾಗ ಅವಳು ಸೋಯಾದಲ್ಲಿ ಕೂತು ಕಳೆ ತೆಗೆಯುತ್ತಿದ್ದಳು.

"ತಂಗೆವ್ವಾ, ದಾರಿ ಮಾಡೀನಿ. ಪೈಪ ಜೋಡಸ್ಲಿ?"

ಅವಳು ಬಗ್ಗಿದವಳು ಏಳಲಿಲ್ಲ.

"ಈಗ ದಾರಿ ಕೊಟ್ರ ನಿಮಗ ರಾತ್ರಿ ನಿದ್ದಿ ಬರ್ತೈತಿ, ಅಣ್ಣಾರ. ನನಗೇನ ಬರ್ತೈತಿ?"

ನಿಂತೇ ಇದ್ದೆ. ಬಿಸಿಲು ಏರುತ್ತಿತ್ತು. ಅವಳು ಒಂದು ಸಾಲು ಮುಗಿಸಿ, ಇನ್ನೊಂದಕ್ಕೆ ತಿರುಗುವಾಗ ಅಂದಳು:

"ಜೋಡಸ್ರಿ. ನೆಲಕ್ಕ ಬೇಕಾಗೈತಿ ಅಂತ ಜೋಡಸ್ರಿ. ನಿಮಗ ಸಮಾಧಾನ ಆಗ್ಲಿ ಅಂತಲ್ಲ."

ಕುಣಿಯ ಗೋಡೆ ಒಡೆದು, ಪೈಪು ಸೇರಿಸಿ, ಕೆಲಸ ಮುಗಿಯುವವರೆಗೆ ಪೈಪಿನ ಬಾಯಿಗೆ ಬಡಿದಿದ್ದ ಕಟ್ಟಿಗೆಯ ಬೆಣೆ ತೆಗೆದೆ. ಮೊದಲು ಕೆಸರು ಬಂತು, ಆಮೇಲೆ ತಿಳಿನೀರು. ಯಾವ ಪಂಪೂ ಇಲ್ಲದೆ, ತಾನೇ ದಾರಿ ಹಿಡಿದು ಹಳ್ಳದ ಕಡೆ ಹೊರಟಿತು.

"ಬಂತು ನೋಡ, ತಂಗೆವ್ವಾ!" ಎಂದು ಕೂಗಿದೆ.

ಅವಳು ತಲೆಯೆತ್ತಲಿಲ್ಲ. ಇನ್ನೂ ಮೂರು ಸಾಲು ಕಳೆ ಉಳಿದಿತ್ತು.